ಫಾರ್ವರ್ಡ್ ಮೆಸೇಜೇ ಕೇಸ್ ಫೈಲ್: ಕಾನೂನು ತರಗತಿಯಲ್ಲಿ ಸೋಷಿಯಲ್ ಮೀಡಿಯಾ ಬಳಸುವ ಬಗೆ

ಕಾನೂನು ಓದುವ ಮಕ್ಕಳ ಫೋನಿಗೆ ದಿನವಿಡೀ ಬರುವ ಮೆಸೇಜು, ವಿಡಿಯೋ, ಜಗಳ, ಬೈಗುಳ ಎಲ್ಲದರ ಹಿಂದೆಯೂ ಒಂದಲ್ಲ ಒಂದು ಸೆಕ್ಷನ್ ಇರುತ್ತದೆ. ಆದರೆ ಹೆಚ್ಚಿನ ಕಡೆ ಕ್ಲಾಸಿನ ವಾಟ್ಸಾಪ್ ಗುಂಪು ಪಿಡಿಎಫ್ ನೋಟ್ಸ್ ಕಳಿಸುವುದಕ್ಕೆ ಮಾತ್ರ. ನಾವು ಕಳಿಸುತ್ತೇವೆ, ಅವರು ಇಳಿಸಿಕೊಳ್ಳುತ್ತಾರೆ, ಪರೀಕ್ಷೆಯ ಹಿಂದಿನ ರಾತ್ರಿ ತೆರೆಯುತ್ತಾರೆ. ಇದರಿಂದ ಪಾಠ ಆಗುವುದಿಲ್ಲ. ಗುಂಪಿಗೆ ಬಂದು ಬೀಳುವ ಮೆಸೇಜನ್ನೇ ಕೇಸ್ ಫೈಲ್ ಮಾಡಿಕೊಂಡರೆ ಮಾತ್ರ ಆಗುತ್ತದೆ.

ಕೊಡಗಿನಲ್ಲಿ ಇದರ ಅಗತ್ಯ ಇನ್ನೂ ಜಾಸ್ತಿ. ಮಳೆಗಾಲದಲ್ಲಿ ಭಾಗಮಂಡಲ, ನಾಪೋಕ್ಲು ಕಡೆ ರಸ್ತೆಗೆ ನೀರು ಬಂತೆಂದರೆ ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ. ಮೈಸೂರು, ಮಂಗಳೂರಿನಲ್ಲಿ ಎಲ್‌ಎಲ್‌ಬಿ ಓದುವ ನಮ್ಮ ಜಿಲ್ಲೆಯ ಮಕ್ಕಳು ರಜೆಗೆ ಬಂದಾಗಲೂ ಅಷ್ಟೇ. ಇಲ್ಲಿ ಕೂತು ಕಾನೂನು ಕಲಿಸುವ ಮೇಷ್ಟ್ರಿಗೆ, ಜೂನಿಯರ್‌ಗಳನ್ನು ತಯಾರು ಮಾಡುವ ಹಿರಿಯ ವಕೀಲರಿಗೆ ಉಪಯೋಗಕ್ಕೆ ಬರಲಿ ಎಂದು ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಒಂದೇ ಆ್ಯಪ್, ಒಂದೇ ಕೆಲಸ

ವಾಟ್ಸಾಪ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ಎಕ್ಸ್ ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಮೊದಲ ಸೆಮಿಸ್ಟರಿಗೆ ವಾಟ್ಸಾಪ್ ಸಾಕು. ಅದು ಎಲ್ಲರ ಬಳಿಯೂ ಇದೆ, ನೆಟ್‌ವರ್ಕ್ ಒಂದು ಕಡ್ಡಿ ಇದ್ದರೂ ಅಕ್ಷರದ ಮೆಸೇಜ್ ಹೋಗುತ್ತದೆ. ಕುಟ್ಟ, ಶ್ರೀಮಂಗಲ ಕಡೆ ಕರೆಂಟ್ ಹೋಗಿ ಟವರ್ ಕೂಡ ಕೈಕೊಟ್ಟ ದಿನ ವಿಡಿಯೋ ಕ್ಲಾಸ್ ಎಂದರೆ ಯಾರೂ ಬರಲಾರರು. ಆದರೆ ಸಂಜೆ ಸಿಗ್ನಲ್ ಬಂದಾಗ ನಾಲ್ಕು ಸಾಲು ಓದಿ ಎರಡು ಸಾಲು ಉತ್ತರ ಬರೆಯಬಲ್ಲರು.

ಹೆಜ್ಜೆ 2: ಗುಂಪು ಕಟ್ಟುವಾಗಲೇ ಕಾಯ್ದೆ ಪಾಲಿಸಿ

ಗುಂಪಿಗೆ ಸೇರಿಸುವ ಮುಂಚೆ ಪ್ರತಿಯೊಬ್ಬರ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಇದನ್ನೇ ಮೊದಲ ಪಾಠ ಮಾಡಿ. 2017ರ ಪುಟ್ಟಸ್ವಾಮಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಬಂತು. ಆ ಕಾಯ್ದೆಯಲ್ಲಿ 18 ತುಂಬದವರನ್ನು ಮಗು ಎಂದೇ ಲೆಕ್ಕ. ಪಿಯುಸಿ ಮುಗಿಸಿ ನೇರವಾಗಿ ಐದು ವರ್ಷದ ಕೋರ್ಸಿಗೆ ಬಂದವರಲ್ಲಿ ಕೆಲವರಿಗೆ 18 ತುಂಬಿರುವುದಿಲ್ಲ. ಅವರ ಮನೆಯವರಿಗೂ ಒಂದು ಮಾತು ತಿಳಿಸಿ.

ಇನ್ನೊಂದು ವಿಷಯವನ್ನು ತುಂಬ ಜನ ಗಮನಿಸುವುದಿಲ್ಲ. ಸಾಮಾನ್ಯ ಗುಂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳಿಗೆ ಇದರಿಂದ ಆಗುವ ಕಿರಿಕಿರಿ ಸಣ್ಣದಲ್ಲ. ವಾಟ್ಸಾಪ್ ಕಮ್ಯುನಿಟಿ ಮಾಡಿ ಅದರ ಪ್ರಕಟಣೆ ಗುಂಪು ಬಳಸಿದರೆ ಸದಸ್ಯರ ನಂಬರ್ ಅಡ್ಮಿನ್‌ಗಳಿಗೆ ಮಾತ್ರ ಕಾಣುತ್ತದೆ. ಪ್ರಕಟಣೆಗೆ ಅದು, ಚರ್ಚೆಗೆ ಐದಾರು ಜನರ ಸಣ್ಣ ಗುಂಪುಗಳು. ಸಣ್ಣ ಗುಂಪಾದರೆ ಹಿಂಜರಿಯುವ ಮಕ್ಕಳೂ ಬಾಯಿ ಬಿಡುತ್ತಾರೆ.

ಅಡ್ಮಿನ್ ಆದರೆ ಕೇಸು ನಮ್ಮ ಮೇಲೆ ಬೀಳುತ್ತದಾ ಎಂಬ ಭಯ ಮೇಷ್ಟ್ರುಗಳಿಗೆ ಇದ್ದೇ ಇದೆ. 2021ರಲ್ಲಿ ಬಾಂಬೆ ಹೈಕೋರ್ಟ್, 2022ರಲ್ಲಿ ಕೇರಳ ಹೈಕೋರ್ಟ್ ಇದಕ್ಕೆ ಉತ್ತರ ಕೊಟ್ಟಿವೆ. ಸದಸ್ಯರು ಹಾಕಿದ ಪೋಸ್ಟಿಗೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆ ಹೊರಿಸಲಾಗದು ಎಂದಿವೆ. ಅಡ್ಮಿನ್‌ಗೂ ಅದೇ ಉದ್ದೇಶ ಇತ್ತು ಎಂದು ಕಂಡರೆ ಮಾತು ಬೇರೆ. ಈ ಎರಡು ತೀರ್ಪುಗಳನ್ನು ಗುಂಪಿನ ಮೊದಲ ಓದಾಗಿ ಹಾಕಿ. ನಿಮ್ಮ ಭಯವೂ ಕಳೆಯುತ್ತದೆ, ಮಕ್ಕಳಿಗೆ ಪಾಠವೂ ಶುರುವಾಗುತ್ತದೆ.

ಗುಂಪಿನ ನಿಯಮ ಜಾಸ್ತಿ ಬೇಡ. ಶುಭೋದಯ ಬೇಡ, ರಾತ್ರಿ ಒಂಬತ್ತರ ಮೇಲೆ ಪೋಸ್ಟ್ ಬೇಡ, ಮೂಲ ಹೇಳದೆ ಏನನ್ನೂ ಫಾರ್ವರ್ಡ್ ಮಾಡಬೇಡಿ. ಭಾಷೆಯ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು ಬೇಡ. ನಮ್ಮ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಮನೆಮಾತಿನ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ. ಕನ್ನಡವೋ ಇಂಗ್ಲಿಷೋ, ಅವರಿಗೆ ಸಲೀಸಾದದ್ದರಲ್ಲಿ ಬರೆಯಲಿ.

ಹೆಜ್ಜೆ 3: ಒಂದು ಫಾರ್ವರ್ಡ್ ಹಿಡಿದು ವಾರವಿಡೀ ಪಾಠ ಮಾಡಿ

ಇಡೀ ಕ್ರಮದಲ್ಲಿ ನಾನು ಅತಿ ಹೆಚ್ಚು ಸಮಯ ಕೊಡುವುದು ಇದಕ್ಕೇ. ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ.

ಜೋರು ಮಳೆ ಬಂದ ರಾತ್ರಿ ಕೊಡಗಿನಲ್ಲಿ ಎಲ್ಲರೂ ಕಾಯುವುದು ಜಿಲ್ಲಾಧಿಕಾರಿಗಳ ರಜೆ ಆದೇಶಕ್ಕೆ. ಯಾರೋ ಹಳೆಯ ಆದೇಶದ ದಿನಾಂಕ ತಿದ್ದಿ ವಾಟ್ಸಾಪ್‌ಗೆ ಬಿಟ್ಟರು ಎಂದುಕೊಳ್ಳಿ. ಇದನ್ನೇ ಸಮಸ್ಯೆಯಾಗಿ ಕೊಡಿ. ಆದರೆ ನಿಜವಾದ ಆದೇಶದ ಹಾಗೆ ಕಾಣುವ ಚಿತ್ರವನ್ನು ನೀವೇ ತಯಾರಿಸಬೇಡಿ. ಅದು ಗುಂಪಿನಿಂದ ಹೊರಗೆ ಹೋದರೆ ಪಾಠವೇ ಅಪರಾಧವಾಗುತ್ತದೆ. ಜಿಲ್ಲೆಯ ಹೆಸರು, ಮುದ್ರೆ, ಸಹಿ ಯಾವುದೂ ಇಲ್ಲದೆ, ಬರೀ ಅಕ್ಷರದಲ್ಲಿ ಸನ್ನಿವೇಶ ಬರೆಯಿರಿ: ‘ಅ’ ಎಂಬ ವಿದ್ಯಾರ್ಥಿ ಆದೇಶ ತಿದ್ದಿದ. ‘ಆ’ ಅದನ್ನು ನಿಜ ಎಂದು ನಂಬಿ ಮೂರು ಗುಂಪಿಗೆ ಕಳಿಸಿದಳು. ‘ಇ’ಗೆ ಅನುಮಾನ ಇತ್ತು, ಆದರೂ ಕಳಿಸಿದ. ‘ಈ’ ಒಂದು ಗುಂಪಿನ ಅಡ್ಮಿನ್, ನೋಡಿಯೂ ಅಳಿಸಲಿಲ್ಲ.

ಸೋಮವಾರ ಸನ್ನಿವೇಶ ಹಾಕಿ. ಮಂಗಳವಾರ ರಾತ್ರಿಯೊಳಗೆ ಪ್ರತಿ ಸಣ್ಣ ಗುಂಪು ಒಬ್ಬೊಬ್ಬರ ಮೇಲೂ ಯಾವ ಸೆಕ್ಷನ್ ಎಂದು ಬರೆಯಬೇಕು. 2024ರ ಜುಲೈ 1ರಿಂದ ಐಪಿಸಿ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಹಳೆಯ ಐಪಿಸಿ ನಂಬರ್ ಬರೆದರೆ ವಾಪಸ್ ಕಳಿಸಿ. ಸೆಕ್ಷನ್ 335 ಸುಳ್ಳು ದಾಖಲೆ ಸೃಷ್ಟಿ, 336 ಫೋರ್ಜರಿ, 340 ಅಂಥ ದಾಖಲೆಯನ್ನು ನಿಜವೆಂದು ಬಳಸುವುದು. ಇಷ್ಟು ಹುಡುಕಿ ತೆಗೆಯುವುದು ಕಷ್ಟವಲ್ಲ.

ಕಷ್ಟ ಬುಧವಾರ ಶುರುವಾಗುತ್ತದೆ. ಅವತ್ತು ‘ಅ’ ಪರ ವಕೀಲರಾಗಿ ವಾದಿಸಲು ಹೇಳಿ. ‘ಸುಮ್ನೆ ತಮಾಷೆಗೆ ಮಾಡಿದ’ ಎಂದು ಎಲ್ಲರೂ ಬರೆಯುತ್ತಾರೆ. ಆಗ ಕೇಳಿ: ತಮಾಷೆ ಎಂಬುದು ಡಿಫೆನ್ಸ್ ಅಂತ ಎಲ್ಲಿದೆ? ಮಕ್ಕಳು ವಾಪಸ್ 336ಕ್ಕೆ ಹೋಗಿ ಓದುತ್ತಾರೆ. ಫೋರ್ಜರಿಗೆ ಹಾನಿ ಮಾಡುವ ಅಥವಾ ವಂಚಿಸುವಂಥ ಉದ್ದೇಶ ಬೇಕು ಎಂದು ಆಗ ಕಣ್ಣಿಗೆ ಬೀಳುತ್ತದೆ. ಒಂದು ದಿನ ಕಾಲೇಜು ತಪ್ಪಿಸುವುದು ಹಾನಿಯಾ? ಮಗುವಿಗೆ ರಜೆ ಎಂದು ನಂಬಿ ತಾಯಿ ಕೆಲಸಕ್ಕೆ ಹೋಗದೆ ಒಂದು ದಿನದ ಕೂಲಿ ಕಳೆದುಕೊಂಡರೆ? ಪರೀಕ್ಷೆ ತಪ್ಪಿಸಿಕೊಂಡವರ ಗತಿ? ಸೆಕ್ಷನ್ನಿನ ಒಂದೊಂದು ಪದಕ್ಕೂ ತೂಕ ಇದೆ ಎಂಬುದು ಹೀಗೆ ವಾದಕ್ಕೆ ಇಳಿದಾಗ ಅರ್ಥವಾಗುವಷ್ಟು ಬೋರ್ಡಿನ ಮೇಲೆ ಬರೆದಾಗ ಆಗುವುದಿಲ್ಲ.

ಗುರುವಾರ ಸನ್ನಿವೇಶದ ಒಂದೇ ಒಂದು ಸಂಗತಿ ಬದಲಿಸಿ. ಮೆಸೇಜು ರಜೆಯದ್ದಲ್ಲ, ‘ಡ್ಯಾಮ್ ಒಡೆಯುತ್ತಿದೆ, ಎಲ್ಲರೂ ಮನೆ ಬಿಡಿ’ ಎಂಬುದು. ಈಗ 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಸೆಕ್ಷನ್ 54 ಒಳಗೆ ಬರುತ್ತದೆ. ವಿಪತ್ತಿನ ಬಗ್ಗೆ ಜನರಲ್ಲಿ ಗಾಬರಿ ಹುಟ್ಟಿಸುವ ಸುಳ್ಳು ಎಚ್ಚರಿಕೆಯನ್ನು ಸೃಷ್ಟಿಸಿದವರಿಗೂ ಹರಡಿದವರಿಗೂ ಒಂದು ವರ್ಷದವರೆಗೆ ಜೈಲು ಅಥವಾ ದಂಡ. 340ರಲ್ಲಿ ‘ಗೊತ್ತಿದ್ದು ಅಥವಾ ನಂಬಲು ಕಾರಣವಿದ್ದು’ ಎಂಬ ಮಾತಿದೆ. 54ರಲ್ಲಿ ಆ ಮಾತಿಲ್ಲ. ಹಾಗಾದರೆ ನಂಬಿ ಕಳಿಸಿದ ‘ಆ’ ಕೂಡ ಸಿಕ್ಕಿಬೀಳುತ್ತಾಳಾ? ಗೊತ್ತಿಲ್ಲದೆ ಮಾಡಿದ್ದಕ್ಕೆ ಶಿಕ್ಷೆ ಕೊಡಬಹುದಾ? ಮೆನ್ಸ್ ರಿಯಾ, ಅಂದರೆ ಅಪರಾಧದ ಮನಸ್ಸು, ಎಂದು ಮೊದಲ ವರ್ಷದಲ್ಲಿ ಬಾಯಿಪಾಠ ಮಾಡಿದ್ದು ಈಗ ಜೀವಂತವಾಗಿ ಎದುರು ನಿಲ್ಲುತ್ತದೆ.

ಒಂದು ಕಿವಿಮಾತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದಾಗ ಮನೆ ಕಳೆದುಕೊಂಡ ಕುಟುಂಬಗಳ ಮಕ್ಕಳು ಈಗ ಕಾಲೇಜಿನ ವಯಸ್ಸಿನವರು. ಅಂಥವರು ನಿಮ್ಮ ಗುಂಪಿನಲ್ಲೂ ಇರಬಹುದು. ಗುಡ್ಡ ಕುಸಿತದ ಫೋಟೋ, ವಿಡಿಯೋ ಹಾಕಬೇಡಿ. ಸನ್ನಿವೇಶವನ್ನು ಅಕ್ಷರದಲ್ಲೇ ಇಡಿ.

ಶುಕ್ರವಾರ ಫೋನ್ ಪಕ್ಕಕ್ಕಿಟ್ಟು ಎದುರುಬದುರು ಕೂತು ವಾದ. ಗುಂಪಿನಲ್ಲಿ ಬರೆದದ್ದೆಲ್ಲ ಇದಕ್ಕೆ ತಯಾರಿ. ಇದನ್ನು ಬಿಡಲೇಬೇಡಿ. ಬೆರಳಿನಿಂದ ವಾದ ಮಾಡುವುದು ಬಂದರೂ ಬಾಯಿಂದ ಬರಬೇಕಾದ ವೃತ್ತಿ ಇದು.

ಹೆಜ್ಜೆ 4: ಸ್ಕ್ರೀನ್‌ಶಾಟ್ ಕೋರ್ಟಿನಲ್ಲಿ ನಿಲ್ಲುತ್ತದಾ?

ಮಡಿಕೇರಿ, ವಿರಾಜಪೇಟೆ ಕೋರ್ಟುಗಳಿಗೆ ಬರುವ ಕಕ್ಷಿದಾರರು ಈಗ ಮೊದಲು ತೆಗೆಯುವುದೇ ಫೋನ್. ‘ನೋಡಿ ಸರ್, ಮೆಸೇಜ್ ಇದೆ’ ಎನ್ನುತ್ತಾರೆ. ಹೊಸ ವಕೀಲರು ತಡವರಿಸುವುದು ಇಲ್ಲಿ. ಆದ್ದರಿಂದ ಸಾಕ್ಷ್ಯ ಕಾನೂನಿನ ಪಾಠವನ್ನು ಫೋನಿನಿಂದಲೇ ಮಾಡಿ.

ಓದಿಸಬೇಕಾದ ತೀರ್ಪು ಎರಡು: 2014ರ ಅನ್ವರ್, 2020ರ ಅರ್ಜುನ್ ಪಂಡಿತ್‌ರಾವ್ ಖೋತ್ಕರ್. ಎಲೆಕ್ಟ್ರಾನಿಕ್ ದಾಖಲೆಯ ನಕಲು ಹಾಜರುಪಡಿಸಲು ಸರ್ಟಿಫಿಕೇಟ್ ಬೇಕೇ ಬೇಕು, ಮೂಲ ಸಾಧನವನ್ನೇ ತಂದರೆ ಬೇಡ ಎಂಬುದು ಸಾರ. ಆಗ ಅದು ಹಳೆಯ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 65ಬಿ. ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63. ಹೊಸ ಕಾಯ್ದೆಯ ಅನುಸೂಚಿಯಲ್ಲಿ ಸರ್ಟಿಫಿಕೇಟಿನ ನಮೂನೆಯೇ ಇದೆ. ಭಾಗ ‘ಎ’ ಹಾಜರುಪಡಿಸುವವರು ತುಂಬಬೇಕು, ಭಾಗ ‘ಬಿ’ ತಜ್ಞರು. ಎರಡರಲ್ಲೂ ಹ್ಯಾಶ್ ಮೌಲ್ಯ, ಅಂದರೆ ಫೈಲಿನ ಬೆರಳಚ್ಚಿನಂಥ ಗುರುತು, ಬರೆಯಬೇಕು.

ಹ್ಯಾಶ್ ಎಂದರೇನು ಎಂದು ಗಂಟೆಗಟ್ಟಲೆ ವಿವರಿಸುವ ಬದಲು ಇದನ್ನು ಮಾಡಿಸಿ. ಒಬ್ಬ ವಿದ್ಯಾರ್ಥಿ ತರಗತಿಯ ಕಿಟಕಿಯ ಫೋಟೋ ತೆಗೆಯಲಿ. ಅದನ್ನು ಕೇಬಲ್ ಹಾಕಿ ಕಂಪ್ಯೂಟರಿಗೆ ಹಾಕಿ ಎಸ್‌ಎಚ್‌ಎ-256 ಹ್ಯಾಶ್ ತೆಗೆಯಿರಿ. 64 ಅಂಕಿ-ಅಕ್ಷರಗಳ ಒಂದು ಸಾಲು ಬರುತ್ತದೆ. ಬೋರ್ಡಿನ ಮೇಲೆ ಅದರ ಮೊದಲ ಎಂಟು ಬರೆಯಿರಿ. ಈಗ ಅದೇ ಫೋಟೋವನ್ನು ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋವಾಗಿ ಇನ್ನೊಬ್ಬರಿಗೆ ಕಳಿಸಲಿ. ಅವರ ಫೋನಿನಿಂದ ಇಳಿಸಿ ಮತ್ತೆ ಹ್ಯಾಶ್ ತೆಗೆಯಿರಿ. ಪೂರ್ತಿ ಬೇರೆ ಸಾಲು ಬರುತ್ತದೆ. ಕಣ್ಣಿಗೆ ಅದೇ ಕಿಟಕಿ, ಅದೇ ಬೆಳಕು. ಆದರೆ ವಾಟ್ಸಾಪ್ ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ, ಹಾಗಾಗಿ ಫೈಲ್ ಬೇರೆಯೇ ಆಗಿರುತ್ತದೆ. ಮೂರನೇ ಸಲ ಅದನ್ನೇ ‘ಡಾಕ್ಯುಮೆಂಟ್’ ಆಗಿ ಕಳಿಸಲಿ. ಹ್ಯಾಶ್ ಮೊದಲಿನದಕ್ಕೆ ತಾಳೆಯಾಗುತ್ತದೆ.

ಈ ಮೂರು ಸಾಲುಗಳನ್ನು ಬೋರ್ಡಿನ ಮೇಲೆ ಒಂದರ ಕೆಳಗೊಂದು ನೋಡಿದ ವಿದ್ಯಾರ್ಥಿ, ನಾಳೆ ಕಕ್ಷಿದಾರರಿಗೆ ‘ಆ ಫೋಟೋ ನನಗೆ ಫಾರ್ವರ್ಡ್ ಮಾಡಿ ಸಾಕು, ನಿಮ್ಮ ಫೋನಿನಲ್ಲಿ ಅಳಿಸಿಬಿಡಿ’ ಎಂದು ಎಂದೂ ಹೇಳಲಾರ. ಇದೇ ಸಮಯದಲ್ಲಿ ಒಬ್ಬೊಬ್ಬರಿಂದಲೂ ಭಾಗ ‘ಎ’ ತುಂಬಿಸಿ. ಫೋನಿನ ಮಾಡೆಲ್, ಸೀರಿಯಲ್ ನಂಬರ್, ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಎಲ್ಲಿ ಸಿಗುತ್ತದೆ ಎಂದು ಹುಡುಕುವುದರಲ್ಲೇ ಅರ್ಧ ಕಲಿಕೆ ಇದೆ. ತುಂಬಿದ ಹಾಳೆಯನ್ನು ಮಾತ್ರ ಗುಂಪಿಗೆ ಹಾಕಿಸಬೇಡಿ. ಐಎಂಇಐ ಎಲ್ಲರಿಗೂ ಕಾಣುವುದು ಬೇಡ.

ಹೆಜ್ಜೆ 5: ಕೋರ್ಟನ್ನು ಮನೆಗೆ ತನ್ನಿ, ತುಣುಕು ಮಾಡಬೇಡಿ

2018ರ ಸ್ವಪ್ನಿಲ್ ತ್ರಿಪಾಠಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಲಾಪದ ನೇರಪ್ರಸಾರಕ್ಕೆ ಹಸಿರು ನಿಶಾನೆ ಕೊಟ್ಟಿತು. 2022ರ ಸೆಪ್ಟೆಂಬರ್ 27ರಿಂದ ಸಂವಿಧಾನ ಪೀಠದ ವಿಚಾರಣೆ ಜನರ ಮುಂದೆ ಬಂತು. ನಮ್ಮ ಹೈಕೋರ್ಟ್ ನೇರಪ್ರಸಾರಕ್ಕೆ ಪ್ರತ್ಯೇಕ ನಿಯಮ ಮಾಡಿ 2022ರ ಜನವರಿ 1ರಿಂದ ಜಾರಿಗೆ ತಂದಿತು. ಬೆಂಗಳೂರಿಗೆ ಹೋಗಿ ಹೈಕೋರ್ಟ್ ನೋಡಲು ಆಗದ ಸೋಮವಾರಪೇಟೆಯ ಹುಡುಗಿಗೆ ಇದು ದೊಡ್ಡ ಕೊಡುಗೆ, ಅಲ್ವಾ?

ಹೀಗೆ ಬಳಸಿ: ಅರ್ಧ ಗಂಟೆಯ ಒಂದು ವಿಚಾರಣೆ ಆರಿಸಿ ಲಿಂಕ್ ಕೊಡಿ. ನೋಡುವವರಿಗೆ ಒಂದೇ ಕೆಲಸ. ನ್ಯಾಯಮೂರ್ತಿ ಕೇಳಿದ ಪ್ರಶ್ನೆಗಳನ್ನು ಮಾತ್ರ ಬರೆದುಕೊಳ್ಳಬೇಕು, ವಕೀಲರ ಉತ್ತರ ಬೇಡ. ಆಮೇಲೆ ಆ ಪ್ರಶ್ನೆಗಳಿಗೆ ತಾವೇ ಉತ್ತರ ಬರೆಯಬೇಕು.

ತುಣುಕು ಕತ್ತರಿಸಿ ರೀಲ್ಸ್ ಮಾಡುವುದು, ಇಳಿಸಿಕೊಂಡು ಗುಂಪಿಗೆ ಹಾಕುವುದು ಬೇಡವೇ ಬೇಡ. ಅನುಮತಿ ಇಲ್ಲದೆ ಕಲಾಪ ರೆಕಾರ್ಡ್ ಮಾಡಿ ಹಂಚುವುದಕ್ಕೆ ಹೈಕೋರ್ಟ್ ನಿಯಮದಲ್ಲೇ ನಿಷೇಧ ಇದೆ. 2024ರ ಸೆಪ್ಟೆಂಬರಿನಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರ ಆಕ್ಷೇಪಾರ್ಹ ಮಾತಿನ ತುಣುಕುಗಳು ಹರಿದಾಡಿ, ಸುಪ್ರೀಂ ಕೋರ್ಟ್ ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು. ನ್ಯಾಯಮೂರ್ತಿ ವಿಷಾದ ವ್ಯಕ್ತಪಡಿಸಿದ ಮೇಲೆ ಮುಕ್ತಾಯ ಮಾಡಿತು. ಅದೇ ದಿನಗಳಲ್ಲಿ ತುಣುಕು ಪ್ರಸಾರ ಮಾಡದಂತೆ ಹೈಕೋರ್ಟ್ ಚಾನೆಲ್‌ಗಳಿಗೆ ತಡೆ ಹಾಕಿತು. ಪಾರದರ್ಶಕತೆ ಮುಖ್ಯವಾ, ಕೋರ್ಟಿನ ಘನತೆ ಮುಖ್ಯವಾ? ಎರಡೂ ಕಡೆ ಗಟ್ಟಿ ವಾದವಿದೆ. ಸೆಮಿಸ್ಟರಿನಲ್ಲಿ ಒಂದು ಚರ್ಚೆ ಇದಕ್ಕೆ ಮೀಸಲಿಡಿ.

ಹೆಜ್ಜೆ 6: 280ರಲ್ಲಿ ತೀರ್ಪು

ಎಕ್ಸ್‌ನ ಸಾಮಾನ್ಯ ಪೋಸ್ಟಿಗೆ 280ರ ಮಿತಿ. ಖಾತೆ ತೆರೆಯುವ ಅಗತ್ಯವಿಲ್ಲ, ಮಿತಿಯನ್ನು ಮಾತ್ರ ಎರವಲು ತನ್ನಿ. ತೀರ್ಪಿನ ತಿರುಳನ್ನು, ಅಂದರೆ ರೇಶಿಯೋವನ್ನು ಅಷ್ಟರಲ್ಲೇ ಬರೆಯಬೇಕು. ಕನ್ನಡದಲ್ಲಿ ಬರೆಯುವವರಿಗೆ ಮೊದಲೇ ಹೇಳಿಬಿಡಿ: ಒತ್ತು, ಕೊಂಬು, ದೀರ್ಘ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ‘ಕ್ಷ’ ಎಂಬ ಒಂದಕ್ಕೆ ಮೂರು ಹೋಗುತ್ತದೆ. ಹಾಗಾಗಿ ಕನ್ನಡದವರಿಗೆ 350 ಕೊಟ್ಟರೂ ಅನ್ಯಾಯವೇನಿಲ್ಲ.

ಶುರು ಮಾಡಲು, ಆನ್‌ಲೈನ್ ಮಾತಿಗೆ ಶಿಕ್ಷೆ ಹೇಳುತ್ತಿದ್ದ ಐಟಿ ಕಾಯ್ದೆಯ ಸೆಕ್ಷನ್ 66ಎ ರದ್ದು ಮಾಡಿದ 2015ರ ಶ್ರೇಯಾ ಸಿಂಘಲ್ ತೀರ್ಪು ಚೆನ್ನಾಗಿದೆ. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಒಬ್ಬ ಯುವತಿ ಮುಂಬೈ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದಳು, ಗೆಳತಿ ಲೈಕ್ ಒತ್ತಿದಳು, ಇಬ್ಬರನ್ನೂ ಪೊಲೀಸರು ಬಂಧಿಸಿದರು. ತಮ್ಮ ವಯಸ್ಸಿನವರ ಕಥೆ ಎಂದು ಮಕ್ಕಳು ಕಿವಿಗೊಟ್ಟು ಕೇಳುತ್ತಾರೆ. ಹೆಚ್ಚಿನವರು ಮೊದಲ ಸಲ ಬರೆಯುವುದು ‘ವಾಕ್ ಸ್ವಾತಂತ್ರ್ಯಕ್ಕೆ ಜಯ’ ಎಂಬಂಥ ಸಾಲು. ಅದರಲ್ಲಿ ಯಾರು ಗೆದ್ದರು ಎಂಬುದಿದೆ, ಏಕೆ ಎಂಬುದಿಲ್ಲ. ಮತ್ತೆ ಬರೆಸಿ. ಹೀಗೆ ಬಂದರೆ ಒಪ್ಪಿಕೊಳ್ಳಿ:

‘ಐಟಿ ಕಾಯ್ದೆಯ 66ಎ ಅಸಿಂಧು. ಕಿರಿಕಿರಿ, ಅನನುಕೂಲ ಎಂಬ ಪದಗಳಿಗೆ ಎಲ್ಲೆ ಇಲ್ಲ. ಸಂವಿಧಾನದ 19(2)ರ ಯಾವ ನಿರ್ಬಂಧದೊಳಗೂ ಇದು ಬರುವುದಿಲ್ಲ. ಚರ್ಚೆ, ಪ್ರತಿಪಾದನೆ ತಡೆಯುವಂತಿಲ್ಲ. ಮಾತು ಪ್ರಚೋದನೆಗೆ ತಿರುಗಿದಾಗ ಮಾತ್ರ ತಡೆ.’

ಜತೆಗೆ ಇದನ್ನೂ ಹೇಳಿ: ರದ್ದಾದ 66ಎ ಅಡಿ ಆಮೇಲೂ ಕೇಸುಗಳು ದಾಖಲಾಗುತ್ತಿವೆ ಎಂದು ತಿಳಿದು 2021ರಲ್ಲಿ ಸುಪ್ರೀಂ ಕೋರ್ಟೇ ಆಘಾತ ವ್ಯಕ್ತಪಡಿಸಿತು. ತೀರ್ಪು ಬಂದರೆ ಸಾಲದು, ಅದು ಠಾಣೆಯವರೆಗೂ ತಲುಪಬೇಕು. ಅದನ್ನು ತಲುಪಿಸುವವರು ನಾಳೆ ಇವರೇ.

ತೀರ್ಪಿನ ಪೂರ್ತಿ ಪಠ್ಯ ಹಂಚಲು ಕೃತಿಸ್ವಾಮ್ಯದ ಅಡ್ಡಿಯಿಲ್ಲ, ಕೋರ್ಟೇ ನಿಷೇಧಿಸಿದ್ದರೆ ಮಾತ್ರ ಬೇರೆ. ಪ್ರಕಾಶಕರು ತೀರ್ಪಿನ ಮೇಲೆ ಬರೆದ ಸಾರಾಂಶ, ಅಂದರೆ ಹೆಡ್‌ನೋಟ್ ಹಾಗಲ್ಲ, ಅದನ್ನು ಸ್ಕ್ಯಾನ್ ಮಾಡಿ ಗುಂಪಿಗೆ ಹಾಕಬೇಡಿ.

ಹೆಜ್ಜೆ 7: ಊರಿನ ವಿಷಯ ಹಿಡಿಯಿರಿ

ಕೊಡವರು ಆಯುಧ ಪೂಜೆ ಮಾಡುವ ಕೈಲ್‌ಪೊಳ್ದ್ ಹಬ್ಬ ಬಂತೆಂದರೆ ಇನ್‌ಸ್ಟಾಗ್ರಾಂ ತುಂಬ ಹೂವಿಟ್ಟು ಪೂಜೆ ಮಾಡಿದ ಕೋವಿಗಳ ಫೋಟೋ. ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಗುಂಡು ಹಾರಿಸುವ ವಿಡಿಯೋ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಕೋವಿ ಹೊಂದಲು ಶಸ್ತ್ರಾಸ್ತ್ರ ಕಾಯ್ದೆಯಡಿ ವಿನಾಯಿತಿ ಇದೆ. 2019ರ ಅಧಿಸೂಚನೆ ಅದನ್ನು 2029ರವರೆಗೆ ಮುಂದುವರಿಸಿದೆ. ಇದನ್ನು ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ಹೈಕೋರ್ಟ್ ವಜಾ ಮಾಡಿ ವಿನಾಯಿತಿಯನ್ನು ಎತ್ತಿಹಿಡಿಯಿತು.

ಈಗ ಪ್ರಶ್ನೆ. ಮದುವೆ ಮನೆಯಲ್ಲಿ ಜನರ ಮಧ್ಯೆ ಅಜಾಗರೂಕವಾಗಿ ಗುಂಡು ಹಾರಿಸುವ ರೀಲ್ ಬಂತು. 2019ರ ತಿದ್ದುಪಡಿ ಅದೇ ಕಾಯ್ದೆಗೆ ಸೇರಿಸಿದ ಸೆಕ್ಷನ್ 25(9), ಸಂಭ್ರಮದ ಗುಂಡಿನಿಂದ ಜೀವಕ್ಕೆ ಅಪಾಯ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ ಎನ್ನುತ್ತದೆ. ಲೈಸೆನ್ಸಿನ ವಿನಾಯಿತಿ ಇದಕ್ಕೂ ಅನ್ವಯಿಸುತ್ತದಾ? ವಿನಾಯಿತಿ ಯಾವ ಸೆಕ್ಷನ್‌ಗಳಿಂದ ಎಂದು ಅಧಿಸೂಚನೆ ತೆರೆದು ನೋಡಿಸಿ. ಹಾಗೇ ಸಂವಿಧಾನದ 14ನೇ ವಿಧಿಯ ಸಮಾನತೆಯ ಪ್ರಶ್ನೆಗೂ ಬನ್ನಿ. ತರಗತಿಯಲ್ಲಿ ಕೊಡವ ಮಕ್ಕಳೂ ಇರುತ್ತಾರೆ, ಬೇರೆಯವರೂ ಇರುತ್ತಾರೆ. ಆದ್ದರಿಂದ ಪಾತ್ರ ಅದಲುಬದಲು ಮಾಡಿ. ಮನೆಯಲ್ಲಿ ಕೋವಿ ಇರುವವರು ವಿನಾಯಿತಿಯ ವಿರುದ್ಧ ವಾದಿಸಲಿ, ಇಲ್ಲದವರು ಪರವಾಗಿ. ನಿಜವಾದ ಯಾರದೋ ರೀಲ್ ತೋರಿಸಿ ‘ಇವರ ಮೇಲೆ ಯಾವ ಕೇಸು’ ಎಂದು ಕೇಳುವುದು ಮಾತ್ರ ಸರಿಯಲ್ಲ. ಸಣ್ಣ ಜಿಲ್ಲೆ ಇದು, ಎಲ್ಲರೂ ಯಾರಿಗಾದರೂ ನೆಂಟರೇ.

ಹೋಂಸ್ಟೇ ರಿವ್ಯೂ ಇನ್ನೊಂದು ಒಳ್ಳೆಯ ವಿಷಯ. ಅತಿಥಿ ಕಟುವಾಗಿ ಬರೆದದ್ದು ಮಾನಹಾನಿಯೋ, ನ್ಯಾಯವಾದ ಟೀಕೆಯೋ? ನ್ಯಾಯ ಸಂಹಿತೆಯ ಸೆಕ್ಷನ್ 356ರ ಅಪವಾದಗಳನ್ನು ಒಂದೊಂದಾಗಿ ಹಚ್ಚಿ ನೋಡಲಿ.

ಹೆಜ್ಜೆ 8: ಹೊರಗೆ ಪೋಸ್ಟ್ ಮಾಡುವ ಮುಂಚೆ

ಎರಡನೇ ಸೆಮಿಸ್ಟರಿನಲ್ಲಿ ಮಕ್ಕಳಿಂದ ಊರಿಗೆ ಬೇಕಾದ ಕಾನೂನು ಅರಿವಿನ ಪುಟ್ಟ ವಿಡಿಯೋ ಮಾಡಿಸಿ. ಕೊಡವ ತಕ್ಕ್, ಅರೆಭಾಷೆ, ಯರವ ಭಾಷೆಯಲ್ಲಿ ಒಂದೊಂದು ನಿಮಿಷ. ವಿಷಯ ಎಲ್ಲಿದೆ ಎಂದು ಹುಡುಕಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಸೆಕ್ಷನ್ 12ರ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಪ್ರವಾಹದಂಥ ವಿಪತ್ತಿಗೆ ಸಿಕ್ಕವರು ಉಚಿತ ವಕೀಲರನ್ನು ಪಡೆಯಬಹುದು. ಸಹಾಯವಾಣಿ 15100. ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿರುವ ಎಷ್ಟು ಹೆಂಗಸರಿಗೆ ಇದು ಗೊತ್ತಿದೆ? ಒಂದು ನಿಮಿಷದ ವಿಡಿಯೋ ಅಲ್ಲಿಗೆ ತಲುಪುತ್ತದೆ. ನನಗೆ ಇಡೀ ಕ್ರಮದಲ್ಲಿ ಅತಿ ಪ್ರಿಯವಾದ ಕೆಲಸ ಇದು.

ಪ್ರತಿ ವಿಡಿಯೋವನ್ನೂ ಹೊರಗೆ ಬಿಡುವ ಮುಂಚೆ ನೀವೇ ನೋಡಬೇಕು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಎಲ್ಲೂ ಬರಬಾರದು. ಹೆಸರು ಬಿಟ್ಟು ‘ಆ ಊರಿನ ಆ ಶಾಲೆಯ ಹುಡುಗಿ’ ಎಂದರೂ ಗುರುತು ಬಿಟ್ಟುಕೊಟ್ಟ ಹಾಗೇ. ನ್ಯಾಯ ಸಂಹಿತೆಯ 72, ಪೋಕ್ಸೋ ಕಾಯ್ದೆಯ 23, ಬಾಲನ್ಯಾಯ ಕಾಯ್ದೆಯ 74 ಮೂರನ್ನೂ ಓದಿಸಿ. ನಡೆಯುತ್ತಿರುವ ಸ್ಥಳೀಯ ಕೇಸಿನ ಬಗ್ಗೆ ಅಭಿಪ್ರಾಯ ಬೇಡ. ಮುಗಿದ ಕೇಸಿನ ತೀರ್ಪನ್ನು ನ್ಯಾಯವಾಗಿ ಟೀಕಿಸಲು 1971ರ ನ್ಯಾಯಾಂಗ ನಿಂದನೆ ಕಾಯ್ದೆಯ ಸೆಕ್ಷನ್ 5 ಜಾಗ ಕೊಟ್ಟಿದೆ, ಅದನ್ನೂ ಹೇಳಿಕೊಡಿ. ಸುಮ್ಮನಿರುವುದನ್ನಷ್ಟೇ ಕಲಿಸಿದರೆ ನಾವು ವಕೀಲರನ್ನು ತಯಾರು ಮಾಡಿದ ಹಾಗಾಗುವುದಿಲ್ಲ.

‘ಸಲಹೆಗೆ ಸಂಪರ್ಕಿಸಿ’ ಎಂಬ ಸಾಲು ಎಲ್ಲಿಯೂ ಬೇಡ. ಬಾರ್ ಕೌನ್ಸಿಲ್ ನಿಯಮ 36 ವಕೀಲರು ಜಾಹೀರಾತು ಮಾಡಿಕೊಳ್ಳುವುದನ್ನು ತಡೆಯುತ್ತದೆ. ವಿದ್ಯಾರ್ಥಿಗಳು ಇನ್ನೂ ವಕೀಲರಲ್ಲ ನಿಜ. ಆದರೆ ಸನ್ನದು ಬಂದ ದಿನ ಬದಲಾಯಿಸಿಕೊಳ್ಳುತ್ತೇನೆ ಎಂದರೆ ಅಭ್ಯಾಸ ಅಷ್ಟು ಬೇಗ ಬದಲಾಗುವುದಿಲ್ಲ.

ಹೆಜ್ಜೆ 9: ಅಂಕ ಕೊಡುವುದು, ಗುಂಪು ಮುಚ್ಚುವುದು

ಲೈಕ್, ವ್ಯೂಸ್, ಎಷ್ಟು ಪೋಸ್ಟ್ ಹಾಕಿದರು ಎಂಬುದಕ್ಕೆ ಅಂಕ ಬೇಡ. ಮೂಲ ಹೇಳಿದರಾ, ಸರಿಯಾದ ಸೆಕ್ಷನ್ ಹಿಡಿದರಾ, ಎದುರಾಳಿ ವಾದಕ್ಕೆ ಉತ್ತರ ಕೊಟ್ಟರಾ ಎಂದು ನೋಡಿ. ತನ್ನ ಮೊದಲಿನ ಉತ್ತರ ಸರಿಯಿಲ್ಲ ಎಂದು ಕಾರಣ ಕೊಟ್ಟು ತಿದ್ದಿಕೊಂಡ ವಿದ್ಯಾರ್ಥಿಗೆ ಒಂದು ಅಂಕ ಜಾಸ್ತಿ ಕೊಡಿ.

ಒಳ್ಳೆಯ ಫೋನ್ ಇಲ್ಲದವರು, ನೆಟ್‌ವರ್ಕ್ ಸಿಗದ ಊರಿನವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಅವರನ್ನು ಎಲ್ಲರೆದುರು ಕೇಳಬೇಡಿ. ಸೋಮವಾರದ ಸನ್ನಿವೇಶವನ್ನು ಕಾಗದದಲ್ಲಿ ಅಚ್ಚು ಹಾಕಿ ನೋಟಿಸ್ ಬೋರ್ಡಿಗೂ ಹಚ್ಚಿ. ಉತ್ತರ ಕಾಗದದಲ್ಲಿ ಕೊಟ್ಟರೂ ಸಮ ಅಂಕ. ಶುಕ್ರವಾರದ ಬಾಯಿವಾದ ಎಲ್ಲರಿಗೂ ಒಂದೇ.

ಸೆಮಿಸ್ಟರ್ ಮುಗಿದಾಗ ಒಳ್ಳೆಯ ಚರ್ಚೆಗಳನ್ನು ಹೆಸರು ತೆಗೆದು ಒಂದು ಫೈಲಿಗೆ ಇಳಿಸಿಡಿ, ಮುಂದಿನ ವರ್ಷದ ಪಾಠಕ್ಕೆ ಬೇಕಾಗುತ್ತದೆ. ಆಮೇಲೆ ಸದಸ್ಯರನ್ನು ತೆಗೆದು ಗುಂಪು ಅಳಿಸಿಬಿಡಿ, ಅಳಿಸಿದ್ದನ್ನು ಅವರಿಗೆ ತಿಳಿಸಿ. ಹಳೆಯ ಗುಂಪಿಗೆ ಹೊಸ ಬ್ಯಾಚಿನವರನ್ನು ಸೇರಿಸಬೇಡಿ. ಅವರಿಗೆ ಹೊಸ ಗುಂಪು, ಹೊಸ ಒಪ್ಪಿಗೆ ಪತ್ರ.